ಹಳೆಯ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಬಿಸಾಡುವ ಮುಂಚೆ ಏನೇನು ನೋಡಬೇಕು?

ಕಪ್ಪುಪರದೆ | ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪ ಬಳಸುತ್ತಿದ್ದ ಲ್ಯಾಪ್‌ಟಾಪ್ ಇದು, 2010ರಲ್ಲಿ ಕೊಂಡದ್ದು. ಎರಡು ವರ್ಷದಿಂದ ಕಪಾಟಿನಲ್ಲೇ ಇತ್ತು. ಮೊನ್ನೆ ಹೊರಗೆ ತೆಗೆದು ಅಡಾಪ್ಟರ್ ಹಾಕಿದೆ. ಆನ್ ಆಯಿತು, ಆದರೆ ಐದು ನಿಮಿಷಕ್ಕೇ ಪಟ್ ಅಂತ ಆರಿಹೋಯಿತು. ಆಮೇಲೆ ಎಷ್ಟು ಸಲ ಬಟನ್ ಒತ್ತಿದರೂ ಸದ್ದಿಲ್ಲ.

ಅಪ್ಪ ಹತ್ತು ವರ್ಷ ಬರೆದ ಡೈರಿ ಇದರಲ್ಲಿದೆ. ಬೇರೆಲ್ಲೂ ಕಾಪಿ ಇಲ್ಲ. ರಿಪೇರಿಗೆ ಒಯ್ದ ಕಡೆ ಒಂದೇ ನಿಮಿಷ ನೋಡಿ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದುಬಿಟ್ಟರು. ನನಗೆ ಸ್ಕ್ರೂಡ್ರೈವರ್ ಹಿಡಿಯುವಷ್ಟು ಗೊತ್ತು, ಅದಕ್ಕಿಂತ ಜಾಸ್ತಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಸ್ಕ್ರೂಕಳೆದವನು | ಶುಕ್ರವಾರ ರಾತ್ರಿ 9:52

ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬಿಸಿಗಾಳಿ | ಶುಕ್ರವಾರ ರಾತ್ರಿ 10:05

ಆ ಕಾಲದ ಲ್ಯಾಪ್‌ಟಾಪ್ ಅಂದಮೇಲೆ ಗ್ರಾಫಿಕ್ಸ್ ಚಿಪ್ಪಿನ ಬೆಸುಗೆ ಬಿಟ್ಟಿರುತ್ತದೆ. ಬೋರ್ಡ್ ಪೂರ್ತಿ ಬಿಚ್ಚಿ ಎಂಟು ನಿಮಿಷ ಓವನ್ನಿನಲ್ಲಿಡಿ. ತಮಾಷೆ ಅಲ್ಲ, ನಾನೇ ಒಂದನ್ನು ಹೀಗೆ ಬದುಕಿಸಿದ್ದೇನೆ.

ರಾತ್ರಿಪಾಳಿ | ಶುಕ್ರವಾರ ರಾತ್ರಿ 10:21

ಓವನ್ ಬೇಡ ಮಾರಾಯ್ರೇ. ಡೈರಿ ಬೇಕು ಅಂತಿದ್ದಾರೆ, ಮೊದಲು ಅದನ್ನು ಉಳಿಸೋಣ.

ಕಪ್ಪುಪರದೆ ಅವರೇ, ಲ್ಯಾಪ್‌ಟಾಪ್ ಸತ್ತರೆ ಹಾರ್ಡ್ ಡಿಸ್ಕ್ ಸತ್ತ ಹಾಗಲ್ಲ. ಎರಡೂ ಬೇರೆ ಬೇರೆ. ಆ ವಯಸ್ಸಿನ ಲ್ಯಾಪ್‌ಟಾಪಿನಲ್ಲಿ ಕೆಳಗಡೆ ಒಂದು ಸಣ್ಣ ಮುಚ್ಚಳ ಇರುತ್ತದೆ, ಅದನ್ನು ಬಿಚ್ಚಿದರೆ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಕಾಣುತ್ತದೆ. ಬಿಚ್ಚುವ ಮುಂಚೆ ಅಡಾಪ್ಟರ್ ಕಿತ್ತು, ಬ್ಯಾಟರಿ ಹೊರಗೆ ತೆಗೆದಿಡಿ. ಡಿಸ್ಕನ್ನು ಹೊರಗೆ ಎಳೆದು, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ಮೂಲಕ ಬೇರೆ ಕಂಪ್ಯೂಟರಿಗೆ ಹಾಕಿ. ಪೆನ್‌ಡ್ರೈವ್ ತೆರೆದ ಹಾಗೆಯೇ ತೆರೆಯುತ್ತದೆ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟಿದ್ದರೆ ಮಾತ್ರ ಅದರ ಕೀ ಬೇಕಾಗುತ್ತದೆ. ಅದು ಟಕ್ ಟಕ್ ಅಂತ ಸದ್ದು ಮಾಡಿದರೆ ತಕ್ಷಣ ಕಿತ್ತುಬಿಡಿ, ಮತ್ತೆ ಮತ್ತೆ ಹಾಕಿ ನೋಡಬೇಡಿ.

ಇನ್ನೊಂದು ಮಾತು. ಕೈಗೆ ಬಂದ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ನೋಡಿ. ಹೊಟ್ಟೆ ಊದಿಕೊಂಡು ಅಲ್ಲಾಡುತ್ತಿದ್ದರೆ ಅದನ್ನು ಮತ್ತೆ ಹಾಕಲೇಬೇಡಿ, ಚುಚ್ಚಬೇಡಿ, ಒತ್ತಬೇಡಿ.

ಮೀಟರ್‌ಕೈ | ಶುಕ್ರವಾರ ರಾತ್ರಿ 11:10

ಡಿಸ್ಕ್ ವಿಷಯದಲ್ಲಿ ರಾತ್ರಿಪಾಳಿ ಹೇಳಿದ ಹಾಗೇ ಮಾಡಿ. ಡೈರಿ ಕೈಗೆ ಬಂದರೆ ಆಮೇಲೆ ನಿಧಾನಕ್ಕೆ ಕೂತು ನೋಡಬಹುದು.

"ಆನ್ ಆಗುತ್ತಿಲ್ಲ" ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಒಂದೊಂದು ಲ್ಯಾಪ್‌ಟಾಪಿನಲ್ಲಿ ದೀಪವೇ ಹತ್ತುವುದಿಲ್ಲ. ಇನ್ನೊಂದರಲ್ಲಿ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮತ್ತೊಂದು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ, ಮತ್ತೆ ತಾನೇ ಶುರುವಾಗುತ್ತದೆ. ಪರದೆಯ ಹಿಂದಿನ ಬೆಳಕು ಹೋಗಿರುವ ಲ್ಯಾಪ್‌ಟಾಪನ್ನೂ ಜನ "ಸತ್ತಿದೆ" ಅನ್ನುತ್ತಾರೆ. ಒಳಗೆ ಎಲ್ಲ ಸರಿ ಇರುತ್ತದೆ, ಟಾರ್ಚ್ ಓರೆಯಾಗಿ ಬಿಟ್ಟು ನೋಡಿದರೆ ಅಕ್ಷರ ಮಬ್ಬಾಗಿ ಕಾಣುತ್ತದೆ. ಈ ಒಂದೊಂದಕ್ಕೂ ಮದ್ದು ಬೇರೆ. ನೀವು ಹೇಳಿದ್ದರಲ್ಲಿ ಇದು ಯಾವುದು ಅಂತ ನನಗೆ ತಿಳಿಯುತ್ತಿಲ್ಲ.

ಹಾಗಾಗಿ ಏನಾಗಿದೆ ಅಂತ ನೀವು ಅಂದುಕೊಂಡದ್ದು ಬೇಡ, ಕಂಡದ್ದು ಹೇಳಿ. ಅಡಾಪ್ಟರ್ ಡಬ್ಬದ ಮೇಲೆ ದೀಪ ಇದೆಯಾ? ಪಿನ್ನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಆ ದೀಪ ಹಾಗೇ ಉರಿಯುತ್ತದಾ, ಆರುತ್ತದಾ? ಲ್ಯಾಪ್‌ಟಾಪಿನ ಮೇಲಿನ ಚಾರ್ಜಿಂಗ್ ದೀಪ? ಬಟನ್ ಒತ್ತಿದ ಕ್ಷಣ ಕಿವಿ ಹತ್ತಿರ ಇಟ್ಟರೆ ಏನಾದರೂ ಕೇಳುತ್ತದಾ?

ಜೊತೆಗೆ ಖರ್ಚಿಲ್ಲದ ಒಂದು ಕೆಲಸ. ಅಡಾಪ್ಟರ್ ಕಿತ್ತು, ಬ್ಯಾಟರಿಯನ್ನೂ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದುಹೋಗುತ್ತದೆ. ಆಮೇಲೆ ಬ್ಯಾಟರಿ ಹಾಕದೆ, ಬರೀ ಅಡಾಪ್ಟರ್ ಹಾಕಿ ಆನ್ ಮಾಡಿ. ಪವರ್ ನೋಡಿಕೊಳ್ಳುವ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಇಷ್ಟಕ್ಕೇ ಎದ್ದುಬಿಡುತ್ತದೆ.

ಒಂದೇ ವಿನಂತಿ: ಒಂದು ಸಲಕ್ಕೆ ಒಂದೇ ಬದಲಾವಣೆ.

ಕಪ್ಪುಪರದೆ | ಶನಿವಾರ ಸಂಜೆ 6:15

ಡಿಸ್ಕ್ ಬದುಕಿದೆ! ಪಕ್ಕದ ಮನೆಯವರ ಹತ್ತಿರ ಕೇಬಲ್ ಇತ್ತು. ಅಣ್ಣನ ಕಂಪ್ಯೂಟರಿಗೆ ಹಾಕಿ ಎಲ್ಲ ಫೋಲ್ಡರನ್ನೂ ಕಾಪಿ ಮಾಡಿದೆ. ಅರ್ಧ ಜೀವ ಬಂತು. ಆದರೆ ಡೈರಿ ಇರುವುದು ಯಾವುದೋ ಹಳೆಯ ಡೈರಿ ತಂತ್ರಾಂಶದ ಫೈಲಿನಲ್ಲಿ. ಅಣ್ಣನ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಆ ತಂತ್ರಾಂಶ ಇರುವುದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಹಾಗಾಗಿ ಇದನ್ನು ಒಂದು ಸಲವಾದರೂ ಎಬ್ಬಿಸಲೇಬೇಕು.

ಬ್ಯಾಟರಿ ಊದಿಲ್ಲ. 30 ಸೆಕೆಂಡ್ ಬಟನ್ ಹಿಡಿದದ್ದೂ ಆಯಿತು. ಏನೂ ಬದಲಾಗಲಿಲ್ಲ. ಮುಚ್ಚಳ ತೆಗೆದಿದ್ದೆನಲ್ಲ, ಸ್ಕ್ರೂಕಳೆದವನು ಹೇಳಿದ ಹಾಗೆ ರ‍್ಯಾಮ್ ಕೂಡ ಉಜ್ಜಿ ಹಾಕಿದೆ. ಬೈಯಬೇಡಿ.

ಅಣ್ಣನ ಮಲ್ಟಿಮೀಟರ್ ಇತ್ತು, ಅಡಾಪ್ಟರ್ ನೋಡಿದೆ. ಅಲ್ಲೇ ಕಳ್ಳ ಸಿಕ್ಕಿಬಿದ್ದ! ಡಬ್ಬದ ಮೇಲೆ 20 ವೋಲ್ಟ್ 3.25 ಆಂಪಿಯರ್ ಅಂತ ಬರೆದಿದೆ. ಮೀಟರ್ ತೋರಿಸುವುದು ಬರೀ 1. ಅಡಾಪ್ಟರ್ ಹೋಗಿದೆ ಅಲ್ವಾ?

ಮೀಟರ್‌ಕೈ | ಶನಿವಾರ ಸಂಜೆ 6:40

ಮೀಟರಿನ ಗುಂಡಿ 20 ವೋಲ್ಟಿನ ಗೆರೆಯಲ್ಲಿ ನಿಂತಿತ್ತಾ? ಆ 1 ಎಡತುದಿಯಲ್ಲಿ ಒಂಟಿಯಾಗಿ ಕಂಡಿತಾ?

ಕಪ್ಪುಪರದೆ | ಶನಿವಾರ ಸಂಜೆ 6:48

ಹೌದು! ನಿಮಗೆ ಹೇಗೆ ಗೊತ್ತಾಯಿತು?

ಮೀಟರ್‌ಕೈ | ಶನಿವಾರ ಸಂಜೆ 7:05

ನಾನೂ ಒಂದು ಕಾಲದಲ್ಲಿ ಇದೇ ನೋಡಿ ಚೆನ್ನಾಗಿದ್ದ ಅಡಾಪ್ಟರ್ ಬಿಸಾಡಿದ್ದೆ.

ಅದು 1 ವೋಲ್ಟ್ ಅಲ್ಲ. "ನನ್ನ ಕೈಲಿ ಅಳೆಯಲು ಆಗುವುದಿಲ್ಲ" ಅಂತ ಮೀಟರ್ ಹೇಳುವ ರೀತಿ. 20ರ ಗೆರೆಯಲ್ಲಿ ಅದು 19.99ರವರೆಗೆ ಮಾತ್ರ ಎಣಿಸುತ್ತದೆ. ನಿಮ್ಮ ಅಡಾಪ್ಟರ್ 20ಕ್ಕಿಂತ ಒಂದು ಕೂದಲೆಳೆ ಮೇಲಿದ್ದರೂ ಕೈಚೆಲ್ಲುತ್ತದೆ. ಗುಂಡಿಯನ್ನು ಡಿಸಿ 200ಕ್ಕೆ ತಿರುಗಿಸಿ. ಕೆಂಪು ಕಡ್ಡಿ ಪಿನ್ನಿನ ಒಳಗಿನ ತೂತಿಗೆ, ಕಪ್ಪು ಕಡ್ಡಿ ಹೊರಗಿನ ಲೋಹಕ್ಕೆ. ಎರಡೂ ಕಡ್ಡಿ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. ಮತ್ತೆ ನನ್ನ ದೀಪದ ಪ್ರಶ್ನೆಗಳಿಗೆ ಇನ್ನೂ ಉತ್ತರ ಬಂದಿಲ್ಲ.

ಹೊಸಬ | ಶನಿವಾರ ಸಂಜೆ 7:20

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಲ್ಯಾಪ್‌ಟಾಪಿನದು ಬೇರೆ ಕಥೆ. ಅದನ್ನು ಹಳೆಯ ಲ್ಯಾಪ್‌ಟಾಪಿನ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಆನ್ ಆದ ತಕ್ಷಣ ಪರದೆ ಆರಿ ನಿದ್ದೆಗೆ ಹೋಗುತ್ತದೆ. ಮಂಚದ ಮೇಲೆ ಇಟ್ಟರೆ ಸರಿ ಇರುತ್ತದೆ. ದೆವ್ವ ಹಿಡಿದಿದೆಯಾ?

ರಾತ್ರಿಪಾಳಿ | ಶನಿವಾರ ಸಂಜೆ 7:26

ದೆವ್ವ ಅಲ್ಲ, ಅಯಸ್ಕಾಂತ. ಮುಚ್ಚಳ ಮುಚ್ಚಿದೆ ಅಂತ ಲ್ಯಾಪ್‌ಟಾಪಿಗೆ ಗೊತ್ತಾಗುವುದು ಮುಚ್ಚಳದಲ್ಲಿರುವ ಸಣ್ಣ ಅಯಸ್ಕಾಂತದಿಂದ. ಕೆಳಗಿನ ಲ್ಯಾಪ್‌ಟಾಪಿನ ಅಯಸ್ಕಾಂತ ಮೇಲಿನದರ ಸೆನ್ಸರಿಗೆ ತಾಗುತ್ತಿದೆ. ಕೆಳಗಿನದನ್ನು ತೆಗೆಯಿರಿ.

ಹೊಸಬ | ಶನಿವಾರ ಸಂಜೆ 7:31

ತೆಗೆದೆ. ಸರಿ ಹೋಯಿತು. ಮೂರು ವಾರ ಒದ್ದಾಡಿದ್ದೆ.

ಕಪ್ಪುಪರದೆ | ಶನಿವಾರ ರಾತ್ರಿ 9:10

200ಕ್ಕೆ ಹಾಕಿದೆ. 20.1 ತೋರಿಸಿತು. ಅಂದರೆ ಅಡಾಪ್ಟರ್ ಸರಿ ಇದೆ, ಬೋರ್ಡೇ ಹೋಗಿದೆ. ಅವರು ಹೇಳಿದ್ದೇ ನಿಜವಾಯಿತು.

ದೀಪದ ವಿಷಯ ಹೇಳುತ್ತೇನೆ. ಕೋಣೆ ಕತ್ತಲೆ ಮಾಡಿ ನೋಡಿದೆ. ಅಡಾಪ್ಟರ್ ಡಬ್ಬದ ಹಸಿರು ದೀಪ ಸದಾ ಉರಿಯುತ್ತದೆ. ಪಿನ್ ಸಿಕ್ಕಿಸಿದರೆ ಲ್ಯಾಪ್‌ಟಾಪಿನ ಚಾರ್ಜಿಂಗ್ ದೀಪವೂ ಹತ್ತುತ್ತದೆ. ಬಟನ್ ಒತ್ತಿದ ತಕ್ಷಣ ಲ್ಯಾಪ್‌ಟಾಪಿನ ದೀಪ ಕಣ್ಣು ಮಿಟುಕಿಸಿದ ಹಾಗೆ ಆರಿ, ಒಂದು ಸೆಕೆಂಡ್ ಬಿಟ್ಟು ಮತ್ತೆ ಹತ್ತುತ್ತದೆ. ಡಬ್ಬದ ಹಸಿರು ಮಾತ್ರ ಅಲ್ಲಾಡುವುದಿಲ್ಲ. ಇದನ್ನು ಹಗಲಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ಬಿಸಿಗಾಳಿ | ಶನಿವಾರ ರಾತ್ರಿ 9:22

ನಾನು ಮೊದಲೇ ಹೇಳಿದೆ. ಬೋರ್ಡ್. ಓವನ್.

ಮೀಟರ್‌ಕೈ | ಶನಿವಾರ ರಾತ್ರಿ 10:15

ಕಪ್ಪುಪರದೆ, ಈ ನಾಲ್ಕು ಸಾಲು ನೀವು ನಿನ್ನೆಯೇ ಬರೆದಿದ್ದರೆ ನಾವೆಲ್ಲ ಬೇಗ ಮಲಗುತ್ತಿದ್ದೆವು. ಇರಲಿ.

ಮೊದಲು 20.1ರ ಮಾತು. ಆ ಅಂಕಿ ಸುಳ್ಳಲ್ಲ, ಆದರೆ ಅದರಿಂದ ಅಡಾಪ್ಟರ್ ಸರಿ ಇದೆ ಅಂತ ಗೊತ್ತಾಗುವುದಿಲ್ಲ. ಅಳೆಯುವಾಗ ಮೀಟರ್ ತೆಗೆದುಕೊಳ್ಳುವ ಕರೆಂಟ್ ಹೆಚ್ಚೆಂದರೆ ಆಂಪಿಯರಿನ ಲಕ್ಷದಲ್ಲಿ ಎರಡು ಪಾಲು. ಅಷ್ಟು ಸಾಗಿಸಲು ವೈರಿನಲ್ಲಿ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಸಾಕು. ಲ್ಯಾಪ್‌ಟಾಪ್ ಏಳುವಾಗ ಕೇಳುವುದು ಒಂದು ಆಂಪಿಯರು, ಕೆಲವು ಸಲ ಎರಡು ಮೂರು. ಸವೆದ ಜಾಗದಲ್ಲಿ 10 ಓಮ್ ತಡೆ ಇದೆ ಅಂದುಕೊಳ್ಳಿ. 1 ಆಂಪಿಯರ್ ಹರಿದ ಕೂಡಲೇ 10 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಲ್ಯಾಪ್‌ಟಾಪಿಗೆ ಉಳಿಯುವುದು ಅರ್ಧ. ಅದು ಮತ್ತೆ ಮಲಗುತ್ತದೆ. ಕರೆಂಟ್ ನಿಂತಾಗ 20 ವೋಲ್ಟ್ ವಾಪಸ್ ಬರುತ್ತದೆ, ದೀಪ ಹತ್ತುತ್ತದೆ. ನೀವು ಕತ್ತಲೆಯಲ್ಲಿ ಕಂಡದ್ದು ಇದೇ ಅಂತ ನನ್ನ ಅನುಮಾನ.

ಈಗ ಹಸಿರು ದೀಪ. ಬೋರ್ಡಿನ ಬಾಗಿಲಲ್ಲೇ ಶಾರ್ಟ್ ಆಗಿದ್ದರೆ ಪಿನ್ ಸಿಕ್ಕಿಸಿದ ಕ್ಷಣ ಅಡಾಪ್ಟರ್ ತನ್ನನ್ನು ತಾನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಡಬ್ಬದ ದೀಪ ಆರುತ್ತದೆ, ಇಲ್ಲವೇ ಮಿಣುಕುತ್ತದೆ. ನಿಮ್ಮದು ಅಲ್ಲಾಡಲೇ ಇಲ್ಲ. ಡಬ್ಬ ನೆಮ್ಮದಿಯಾಗಿದೆ, ಲ್ಯಾಪ್‌ಟಾಪ್ ಹಸಿದಿದೆ. ಹಾಗಾದರೆ ತೊಂದರೆ ಹೆಚ್ಚಾಗಿ ಇವೆರಡರ ನಡುವೆ ಇರಬೇಕು: ವೈರ್, ಪಿನ್, ಅಥವಾ ಲ್ಯಾಪ್‌ಟಾಪಿನ ಜಾಕ್. ಹಳೆಯ ಬ್ಯಾಟರಿ ಚೆನ್ನಾಗಿದ್ದರೆ ಆ ಕ್ಷಣಕ್ಕೆ ಕೈ ಕೊಟ್ಟು ದಾಟಿಸುತ್ತಿತ್ತು. ಎರಡು ವರ್ಷ ಖಾಲಿ ಕೂತ ಬ್ಯಾಟರಿಯಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ನಾಳೆ ಯಾರ ಹತ್ತಿರವಾದರೂ ಅದೇ ಪಿನ್ನಿನ ಅಡಾಪ್ಟರ್ ಎರವಲು ತನ್ನಿ. ವೋಲ್ಟ್ ನಿಮ್ಮದಕ್ಕೆ ಹೊಂದಬೇಕು. ಆಂಪಿಯರ್ 3.25 ಅಥವಾ ಅದಕ್ಕಿಂತ ಜಾಸ್ತಿ ಇರಲಿ, ತೊಂದರೆ ಇಲ್ಲ. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಇದ್ದರೆ ಬೇಡ. ಪ್ಲಸ್ ಒಳಗಿದೆಯಾ ಹೊರಗಿದೆಯಾ ಅನ್ನುವ ಚಿತ್ರ ಎರಡರ ಮೇಲೂ ಒಂದೇ ಇರಬೇಕು.

ಬಿಸಿಗಾಳಿ, ನಿಮ್ಮ ಓವನ್ ಕಥೆ ಪೂರ್ತಿ ಸುಳ್ಳಲ್ಲ. 2006ರ ಜುಲೈ 1ರಿಂದ ಯುರೋಪಿನಲ್ಲಿ ಸೀಸ ಬಳಸುವುದಕ್ಕೆ ನಿರ್ಬಂಧ ಬಂತು, ಎಲ್ಲರೂ ಸೀಸವಿಲ್ಲದ ಬೆಸುಗೆಗೆ ಹೊರಳಿದರು. ಆಮೇಲೆ ಗ್ರಾಫಿಕ್ಸ್ ಚಿಪ್ಪುಗಳು ಸಾಯತೊಡಗಿದಾಗ ಎಲ್ಲರೂ ಬೈದದ್ದು ಆ ಬೆಸುಗೆಯನ್ನೇ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಜಾಸ್ತಿ ಹಾಳಾಗುತ್ತಿವೆ ಅಂತ ಒಪ್ಪಿ, ರಿಪೇರಿಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ಆದರೆ ಅಲ್ಲಿ ಬಿರುಕು ಬಿಡುತ್ತಿದ್ದದ್ದು ಬೋರ್ಡಿನ ಬೆಸುಗೆ ಅಲ್ಲ, ಚಿಪ್ಪಿನ ಒಳಗೆ ಸಿಲಿಕಾನ್ ತುಂಡನ್ನು ಅದರ ತಳಕ್ಕೆ ಅಂಟಿಸುವ ಸಣ್ಣ ಗುಬುಟುಗಳು. ಓವನ್ನಿನ ಶಾಖಕ್ಕೆ ಅವು ಒಂಚೂರು ಹಿಗ್ಗಿ ಮತ್ತೆ ತಾಗಿಕೊಳ್ಳುತ್ತವೆ, ಕೆಲವು ವಾರ ಓಡುತ್ತವೆ, ಮತ್ತೆ ಬಿಡುತ್ತವೆ. ನೀವು ಬದುಕಿಸಿದ್ದು ಈಗಲೂ ಓಡುತ್ತಿದೆಯಾ? ಇಷ್ಟಾಗಿ, ಗ್ರಾಫಿಕ್ಸ್ ಹೋದರೆ ಸಾಮಾನ್ಯವಾಗಿ ದೀಪ ಹತ್ತಿ ಫ್ಯಾನ್ ತಿರುಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಇಲ್ಲಿನ ಲಕ್ಷಣವೇ ಬೇರೆ.

ಬಿಸಿಗಾಳಿ | ಶನಿವಾರ ರಾತ್ರಿ 10:40

ಎರಡು ತಿಂಗಳು ಓಡಿತು. ಸರಿ, ಸುಮ್ನೆ ಇರುತ್ತೇನೆ.

ಕಪ್ಪುಪರದೆ | ಭಾನುವಾರ ಮಧ್ಯಾಹ್ನ 12:30

20 ವೋಲ್ಟ್ 4.5 ಆಂಪಿಯರಿನ ಅಡಾಪ್ಟರ್ ಸಿಕ್ಕಿತು. ಪಿನ್ ಅದೇ. ಹಾಕಿ ಬಟನ್ ಒತ್ತಿದೆ. ಫ್ಯಾನ್ ಬುಸ್ ಅಂತ ಶುರುವಾಯಿತು! ದೀಪ ಆರಲಿಲ್ಲ! ಅಣ್ಣ ಚಪ್ಪಾಳೆ ಹೊಡೆದ.

ಆದರೆ ಪರದೆ ಕಪ್ಪು. ಕ್ಯಾಪ್ಸ್ ಲಾಕ್ ದೀಪ ಒಂದೇ ಸಮ ಮಿಣುಕುತ್ತಿದೆ. ಟಾರ್ಚ್ ಬಿಟ್ಟು ನೋಡಿದೆ, ಏನೂ ಕಾಣುವುದಿಲ್ಲ. ಈಗ ನಿಜವಾಗಿಯೂ ಬೋರ್ಡ್ ಹೋಯಿತಾ?

ರಾತ್ರಿಪಾಳಿ | ಭಾನುವಾರ ಮಧ್ಯಾಹ್ನ 12:44

ಅಡಾಪ್ಟರ್ ಬದಲಿಸುವ ಮುಂಚೆ ಲ್ಯಾಪ್‌ಟಾಪಿನ ಒಳಗೆ ಕೈ ಹಾಕಿ ಮುಟ್ಟಿದ್ದು ಏನೇನು?

ಕಪ್ಪುಪರದೆ | ಭಾನುವಾರ ಮಧ್ಯಾಹ್ನ 12:47

ಡಿಸ್ಕ್. ಮತ್ತೆ... ರ‍್ಯಾಮ್.

ಮೀಟರ್‌ಕೈ | ಭಾನುವಾರ ಮಧ್ಯಾಹ್ನ 1:02

ಮಿಣುಕುವ ದೀಪ ಬೋರ್ಡ್ ಮಾತಾಡುವ ರೀತಿ. ಬೋರ್ಡ್ ಸತ್ತಿದ್ದರೆ ಮಿಣುಕುವುದೂ ಇಲ್ಲ. ಒಂದೊಂದು ಕಂಪನಿ ಒಂದೊಂದು ಲೆಕ್ಕ ಇಟ್ಟಿರುತ್ತದೆ, ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಆ ಪಟ್ಟಿ ಇದ್ದರೆ ನೋಡಿ. ನಾನಂತೂ ನೇರ ರ‍್ಯಾಮಿಗೇ ಹೋಗುತ್ತೇನೆ.

ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಮುಚ್ಚಳ ಬಿಚ್ಚಿ. ಕೈಯಲ್ಲಿರುವ ಸ್ಥಾಯಿ ವಿದ್ಯುತ್ ಇಳಿಯಲಿ ಅಂತ ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ. ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ರ‍್ಯಾಮ್ ತಾನೇ ಓರೆಯಾಗಿ ಮೇಲೇಳುತ್ತದೆ. ಹೊರಗೆ ತೆಗೆದು, ರಬ್ಬರಿನ ಪುಡಿ ಉಳಿದಿದೆಯಾ ನೋಡಿ. ಸ್ಲಾಟಿನ ಒಳಗೂ ನೋಡಿ. ಉಜ್ಜುವವರು ಆ ಪುಡಿಯನ್ನು ಮರೆಯುತ್ತಾರೆ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಬಟ್ಟೆಗೆ ಹಚ್ಚಿ ಒರೆಸಿ, ಒಣಗಲು ಬಿಡಿ.

ಹಾಕುವಾಗ ಹಾಗೇ ಓರೆಯಾಗಿ ಹಿಡಿದು ಒಳಕ್ಕೆ ತಳ್ಳಬೇಕು. ಚಿನ್ನದ ಅಂಚು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗುವವರೆಗೆ ಕೆಳಕ್ಕೆ ಒತ್ತಬಾರದು. ಆಮೇಲೆ ಒತ್ತಿದರೆ ಎರಡೂ ಕ್ಲಿಪ್ಪು ಟಿಕ್, ಟಿಕ್ ಅನ್ನಬೇಕು. ಒಂದೇ ಟಿಕ್ ಕೇಳಿದರೆ ಅದು ಕೂತಿಲ್ಲ. ಎರಡು ರ‍್ಯಾಮ್ ಇದ್ದರೆ ಮೊದಲು ಒಂದನ್ನೇ ಹಾಕಿ ನೋಡಿ.

ಸ್ಕ್ರೂಕಳೆದವನು | ಭಾನುವಾರ ಮಧ್ಯಾಹ್ನ 1:10

ತಪ್ಪು ನನ್ನದು. ಉಜ್ಜಿ ಅಂದೆ, ಕೂರಿಸುವುದು ಹೇಗೆ ಅಂತ ಹೇಳಲಿಲ್ಲ.

ಕಪ್ಪುಪರದೆ | ಭಾನುವಾರ ಮಧ್ಯಾಹ್ನ 2:25

ಬಂತು!!!

ಎಡಗಡೆಯ ಕ್ಲಿಪ್ ಕೂತಿರಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಂದು ಕಡೆ ಚಿನ್ನದ ಗೆರೆ ಕಾಣುತ್ತಿತ್ತು, ಇನ್ನೊಂದು ಕಡೆ ಕಾಣುತ್ತಿರಲಿಲ್ಲ. ಸ್ಲಾಟಿನ ಮೂಲೆಯಲ್ಲಿ ರಬ್ಬರಿನ ಒಂದು ಸುರುಳಿಯೂ ಇತ್ತು. ತೆಗೆದು, ಸರಿಯಾಗಿ ತಳ್ಳಿ, ಎರಡು ಟಿಕ್ ಎಣಿಸಿದೆ. ಡಿಸ್ಕ್ ವಾಪಸ್ ಹಾಕಿ ಆನ್ ಮಾಡಿದೆ. ಅಪ್ಪ ಇಟ್ಟಿದ್ದ ವಾಲ್‌ಪೇಪರೇ ಮೊದಲು ಬಂತು. ನಮ್ಮ ಹಳೆಯ ನಾಯಿಯ ಫೋಟೊ. ಅಮ್ಮ ಅಡುಗೆಮನೆಯಿಂದ ಬಂದು ಅದರ ಮುಂದೆ ಕೂತವರು ಇನ್ನೂ ಎದ್ದಿಲ್ಲ.

ಡೈರಿ ತಂತ್ರಾಂಶ ತೆರೆಯಿತು. ಎಲ್ಲವನ್ನೂ ಬರೀ ಪಠ್ಯದ ಫೈಲ್ ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿದೆ, ಅಣ್ಣನ ಕಂಪ್ಯೂಟರಿನಲ್ಲಿ ತೆರೆದೂ ನೋಡಿದೆ.

ಒಂದು ಸಣ್ಣ ತಲೆನೋವು ಉಳಿದಿದೆ. ಗಡಿಯಾರ 2009ರ ಜನವರಿ 1 ಅಂತ ತೋರಿಸುತ್ತದೆ. ಯಾವ ವೆಬ್‌ಸೈಟ್ ತೆರೆದರೂ "ಸುರಕ್ಷಿತವಲ್ಲ" ಅಂತ ಎಚ್ಚರಿಕೆ ಬರುತ್ತದೆ. ವೈರಸ್ಸಾ?

ರಾತ್ರಿಪಾಳಿ | ಭಾನುವಾರ ಮಧ್ಯಾಹ್ನ 2:40

ವೈರಸ್ ಅಲ್ಲ. ಬೋರ್ಡಿನಲ್ಲಿ ಗಡಿಯಾರ ಓಡಿಸಲು 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ಇರುತ್ತದೆ, ಹೆಚ್ಚಾಗಿ ಸಿಆರ್2032. ಅದು ಖಾಲಿಯಾಗಿ ತಾರೀಕು ಕಾರ್ಖಾನೆಯದಕ್ಕೇ ಹೋಗಿದೆ. ವೆಬ್‌ಸೈಟಿನ ಪ್ರಮಾಣಪತ್ರಗಳಿಗೆ ಶುರುವಾಗುವ ದಿನ, ಮುಗಿಯುವ ದಿನ ಅಂತ ಇರುತ್ತದೆ. ನಿಮ್ಮ ಲ್ಯಾಪ್‌ಟಾಪ್ 2009ರಲ್ಲಿ ಕೂತು ನೋಡಿದರೆ ಅವು ಇನ್ನೂ ಹುಟ್ಟೇ ಇಲ್ಲ. ಸದ್ಯಕ್ಕೆ ತಾರೀಕನ್ನು ಕೈಯಲ್ಲೇ ಸರಿ ಮಾಡಿ. ಆದರೆ ಕರೆಂಟ್ ಕಿತ್ತರೆ ಮತ್ತೆ ಹಿಂದಕ್ಕೆ ಹೋಗುತ್ತದೆ, ಆ ಬ್ಯಾಟರಿ ಬದಲಿಸಲೇಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದು ಎರಡು ವೈರಿನ ಜೊತೆ ಪ್ಲಾಸ್ಟಿಕ್ ಸುತ್ತಿಕೊಂಡು ಇರುತ್ತದೆ, ತೆಗೆದುಕೊಳ್ಳುವ ಮುಂಚೆ ನಿಮ್ಮದು ಯಾವ ತರಹ ಅಂತ ನೋಡಿಕೊಳ್ಳಿ.

ಇಷ್ಟು ಹಳೆಯ ವ್ಯವಸ್ಥೆಯಲ್ಲಿ ಇಂಟರ್‌ನೆಟ್ ಮಾತ್ರ ಬೇಡ. ಡೈರಿ ಓದಲು ಇಟ್ಟುಕೊಳ್ಳಿ ಸಾಕು.

ಕಪ್ಪುಪರದೆ | ಬುಧವಾರ ರಾತ್ರಿ 8:50

ನಾಣ್ಯದ ಬ್ಯಾಟರಿ ಹಾಕಿದೆ, ತಾರೀಕು ನಿಂತಿತು. ಹೊಸ ಅಡಾಪ್ಟರೂ ಬಂತು.

ಕುತೂಹಲಕ್ಕೆ ಹಳೆಯ ಅಡಾಪ್ಟರನ್ನು ಗೋಡೆಯಿಂದ ಕಿತ್ತು, ವೈರನ್ನು ಪಿನ್ನಿನ ಹತ್ತಿರ ಬ್ಲೇಡಿನಿಂದ ಸೀಳಿ ನೋಡಿದೆ. ಮೇಲಿನ ರಬ್ಬರ್ ಚೆನ್ನಾಗೇ ಇದೆ, ಒಂದು ಗೀರೂ ಇಲ್ಲ. ಒಳಗೆ, ಅಪ್ಪ ಯಾವಾಗಲೂ ಮಡಚಿ ಸುತ್ತಿಡುತ್ತಿದ್ದ ಜಾಗದಲ್ಲಿ, ತಾಮ್ರ ಕಪ್ಪಾಗಿ ಪುಡಿಪುಡಿಯಾಗಿತ್ತು. ಎಣಿಸಿದೆ, ಗಟ್ಟಿ ಉಳಿದದ್ದು ಎರಡೇ ಎಳೆ. ಉಳಿದವು ತುದಿಗೆ ತುದಿ ತಾಗಿಕೊಂಡು ನಿಂತಿದ್ದವು. ಆ ಐದು ನಿಮಿಷ ಓಡಿದ್ದೇ ಹೆಚ್ಚು. ಇದನ್ನು ಬೆಸೆದು ಬಳಸಬಹುದಾ?

ಮೀಟರ್‌ಕೈ | ಬುಧವಾರ ರಾತ್ರಿ 9:15

ಹಾಳಾದ ಭಾಗ ಕತ್ತರಿಸಿ ಹೊಸ ಪಿನ್ ಬೆಸೆಯಬಹುದು. ಕೈ ಪಳಗಿದವರು ಮಾಡುತ್ತಾರೆ. ಆದರೆ ಪ್ಲಸ್ ಮೈನಸ್ ಒಂದು ಸಲ ಅದಲು ಬದಲಾದರೆ ಈಗ ಬದುಕಿದ ಬೋರ್ಡ್ ನಿಜವಾಗಿಯೂ ಹೋಗುತ್ತದೆ. ಹೊಸದು ಬಂದಿದೆಯಲ್ಲ, ಇದನ್ನು ಬಿಡಿ. ಇ-ತ್ಯಾಜ್ಯಕ್ಕೆ ಹಾಕುವ ಮುಂಚೆ ವೈರನ್ನು ಪೂರ್ತಿ ಕತ್ತರಿಸಿ ಹಾಕಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ "ಚೆನ್ನಾಗಿದೆಯಲ್ಲ" ಅಂತ ಮತ್ತೆ ಡ್ರಾಯರಿಗೆ ಸೇರಿಸುತ್ತಾರೆ.

ಕಪ್ಪುಪರದೆ | ಬುಧವಾರ ರಾತ್ರಿ 9:21

ಅಮ್ಮ ಆಗಲೇ ಸೇರಿಸಿದ್ದರು. ಸೀಳಿದ ಜಾಗಕ್ಕೆ ಟೇಪ್ ಕೂಡ ಸುತ್ತಿದ್ದಾರೆ. ಈಗ ಹೊರಗೆ ತೆಗೆದೆ.